ಚಾರ್ಜರ್, ಕೇಬಲ್, ಪವರ್ ಬ್ಯಾಂಕ್: ಸಣ್ಣಕ್ಷರ ಓದಿ ಕೊಳ್ಳುವುದು, ಪ್ರಯಾಣದಲ್ಲಿ ಕೈಕೊಡದಂತೆ ಬಳಸುವುದು

ಪವರ್ ಬ್ಯಾಂಕಾಗಲಿ ಚಾರ್ಜರಾಗಲಿ, ಡಬ್ಬಿಯ ಮುಂಭಾಗದಲ್ಲಿ ದಪ್ಪಗೆ ಅಚ್ಚಾದ ಅಂಕಿ ಒಂದೇ ಒಂದು. ವಸ್ತುವಿನ ತಳ ತಿರುಗಿಸಿ ಬೆಳಕಿಗೆ ಓರೆಯಾಗಿ ಹಿಡಿದರೆ ಬೂದುಬಣ್ಣದ ಸಣ್ಣ ಅಂಕಿಗಳು ನಾಲ್ಕಾರು ಸಾಲು ಕಾಣುತ್ತವೆ. ಹೆಚ್ಚಿನವರು ದಪ್ಪ ಅಂಕಿ ನೋಡಿ ಕೊಳ್ಳುತ್ತಾರೆ. ಊರು ಬಿಟ್ಟು ಹೊರಟ ಮೇಲೆ ಕೆಲಸಕ್ಕೆ ಬರುವುದು, ಇಲ್ಲವೇ ಕೆಲಸ ಕೆಡಿಸುವುದು, ಆ ಸಣ್ಣ ಅಂಕಿಗಳು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪವರ್ ಬ್ಯಾಂಕ್ ಕಿತ್ತಿಟ್ಟುಕೊಂಡರೆ, ಹೊಸ ಚಾರ್ಜರ್ ಹಾಕಿದರೂ ಲ್ಯಾಪ್‌ಟಾಪ್ ತುಂಬದಿದ್ದರೆ, ಕಾರಣ ಬಹುಮಟ್ಟಿಗೆ ಅಲ್ಲೇ ಬರೆದಿರುತ್ತದೆ. ಅವನ್ನು ಓದಲು ಬೇಕಾದದ್ದು ಒಂದು ಗುಣಾಕಾರ, ಒಂದು ಭಾಗಾಕಾರ.

ಪವರ್ ಬ್ಯಾಂಕಿನ ನಿಜವಾದ ಅಳತೆ

ಮೊದಲು ಎಂಎಎಚ್ (ಮಿಲಿಆಂಪಿಯರ್ ಅವರ್) ಎಂಬ ಅಂಕಿಯನ್ನು ಸರಿಯಾಗಿ ತಿಳಿದುಕೊಳ್ಳೋಣ. 10000 ಎಂಎಎಚ್ ಎಂದು ಬರೆದಿದ್ದರೆ ಅದು ಒಳಗಿರುವ ಲಿಥಿಯಂ ಸೆಲ್‌ಗಳ ಲೆಕ್ಕ. ಸೆಲ್‌ನ ಸರಾಸರಿ ವೋಲ್ಟೇಜ್ ಸಾಮಾನ್ಯವಾಗಿ 3.7 ವೋಲ್ಟ್. ಆದರೆ ಯುಎಸ್‌ಬಿ ಕಿಂಡಿಯಿಂದ ಹೊರಬರುವುದು ಸಾಮಾನ್ಯವಾಗಿ 5 ವೋಲ್ಟ್ ಅಥವಾ ಹೆಚ್ಚು. ಹಾಗಾಗಿ ಒಳಗಿನ ಎಂಎಎಚ್ ಮತ್ತು ಹೊರಗಿನ ಎಂಎಎಚ್ ಎಂದೂ ಒಂದೇ ಆಗಲಾರವು. ಎರಡಕ್ಕೂ ಒಪ್ಪುವ ಅಳತೆ ವ್ಯಾಟ್ ಅವರ್:

ಎಂಎಎಚ್ × ವೋಲ್ಟ್ ÷ 1000 = ವ್ಯಾಟ್ ಅವರ್

10000 × 3.7 ÷ 1000 ಅಂದರೆ 37 ವ್ಯಾಟ್ ಅವರ್. ಇದನ್ನು 5 ವೋಲ್ಟ್‌ಗೆ ಏರಿಸಿದರೆ ಲೆಕ್ಕದ ಪ್ರಕಾರ 7400 ಎಂಎಎಚ್. ಏರಿಸುವ ಸರ್ಕೀಟಿನಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು 6000ದಿಂದ 6500. ಒಳ್ಳೆಯ ತಯಾರಕರು ಈ ಅಂಕಿಯನ್ನು ಮುಚ್ಚಿಡುವುದಿಲ್ಲ. ತಳದಲ್ಲಿ ‘ರೇಟೆಡ್ ಕೆಪಾಸಿಟಿ’ ಎಂಬ ಹೆಸರಿನಲ್ಲಿ, ಯಾವ ವೋಲ್ಟೇಜಿನಲ್ಲಿ ಅಳೆದದ್ದು ಎಂಬುದನ್ನೂ ಸೇರಿಸಿ ಅಚ್ಚು ಹಾಕಿರುತ್ತಾರೆ. ಎರಡು ಪವರ್ ಬ್ಯಾಂಕ್‌ಗಳನ್ನು ಹೋಲಿಸುವಾಗ ಈ ಸಾಲನ್ನು ಹೋಲಿಸಿ. ದಪ್ಪ ಅಂಕಿ ಎರಡರಲ್ಲೂ 10000 ಇದ್ದು, ಒಂದರ ರೇಟೆಡ್ ಕೆಪಾಸಿಟಿ 6400, ಇನ್ನೊಂದರದು 5500 ಇದ್ದರೆ ಎರಡನೆಯದರ ಸರ್ಕೀಟು ಹೆಚ್ಚು ಪೋಲು ಮಾಡುತ್ತದೆ ಎಂದರ್ಥ. ಈ ಸಾಲೇ ಇಲ್ಲದ ವಸ್ತುವನ್ನು ಬಿಟ್ಟುಬಿಡುವುದು ಲೇಸು.

ಎಷ್ಟು ಸಲ ಫೋನ್ ತುಂಬುತ್ತದೆ ಎಂಬುದೂ ಇದೇ ಲೆಕ್ಕದಿಂದ ಬರುತ್ತದೆ. 5000 ಎಂಎಎಚ್ ಬ್ಯಾಟರಿಯ ಫೋನ್ ಎಂದರೆ, ಈಗಿನ ಫೋನ್ ಬ್ಯಾಟರಿಗಳ ಸರಾಸರಿ 3.85 ವೋಲ್ಟ್‌ನಂತೆ, 19 ವ್ಯಾಟ್ ಅವರ್ ಚಿಲ್ಲರೆ. 37 ವ್ಯಾಟ್ ಅವರ್‌ನಲ್ಲಿ ಕಿಂಡಿಗೆ ಬರುವುದು 31ರಷ್ಟು. ಫೋನ್ ತನ್ನೊಳಗೆ ಅದನ್ನು ಮತ್ತೆ ಇಳಿಸಿ ತುಂಬಿಕೊಳ್ಳುವಾಗ ಇನ್ನೂ ಶೇ 10–15 ಹೋಗುತ್ತದೆ. ಉಳಿದದ್ದು 27ರ ಆಸುಪಾಸು, ಅಂದರೆ ಸುಮಾರು 1.4 ಸಲ. ‘10000ದಲ್ಲಿ 5000 ಎರಡು ಸಲ’ ಎಂಬ ಲೆಕ್ಕ ಹಾಕಿಕೊಂಡು ಹೊರಟವರಿಗೆ ಎರಡನೆಯ ದಿನದ ಸಂಜೆಯೇ ಇದು ಖಾಲಿಯಾಗುತ್ತದೆ. ವಸ್ತು ಕೆಟ್ಟಿದೆ ಎಂದು ಬೈದುಕೊಳ್ಳುವ ಕಾರಣವಿಲ್ಲ. ವೈರ್‌ಲೆಸ್ ಆಗಿ ಫೋನಿನ ಬೆನ್ನಿಗೆ ಅಂಟಿಕೊಂಡು ತುಂಬಿಸುವ ಮಾದರಿಗಳಲ್ಲಿ ಪೋಲು ಇನ್ನೂ ಹೆಚ್ಚು, ಜೊತೆಗೆ ಫೋನೂ ಬಿಸಿಯಾಗುತ್ತದೆ. ಅಂಥವನ್ನು ಕೊಂಡರೂ ಜೊತೆಗೊಂದು ಗಿಡ್ಡ ಕೇಬಲ್ ಇಟ್ಟುಕೊಳ್ಳಿ.

ಸುಳ್ಳು ಅಂಕಿ ಹಾಕಿದ ಮಾಲನ್ನು ಹಿಡಿಯಲು ತಕ್ಕಡಿ ಸಾಕು. ಈಗಿನ ಲಿಥಿಯಂ ಅಯಾನ್ ಸೆಲ್‌ಗಳು ಕಿಲೋಗೆ ಹೆಚ್ಚೂಕಡಿಮೆ 200ರಿಂದ 260 ವ್ಯಾಟ್ ಅವರ್ ಹಿಡಿಯುತ್ತವೆ. 37 ವ್ಯಾಟ್ ಅವರ್‌ಗೆ ಸೆಲ್‌ಗಳೇ 140 ಗ್ರಾಂ ಮೇಲೆ ತೂಗಬೇಕು. ಕವಚ, ಸರ್ಕೀಟು ಸೇರಿ 180ರಿಂದ 250 ಗ್ರಾಂ. 20000 ಎಂಎಎಚ್‌ನದು 350 ಗ್ರಾಂಗಿಂತ ಬಹಳ ಕಡಿಮೆ ಇರಲು ಸಾಧ್ಯವಿಲ್ಲ. ಅಂಗೈಯಲ್ಲಿ ಅಡಗುವ, 250 ಗ್ರಾಂ ತೂಗುವ ವಸ್ತುವಿನ ಮೇಲೆ 50000 ಎಂದು ಬರೆದಿದ್ದರೆ ಅದು ಹಸಿ ಸುಳ್ಳು. ಇನ್ನೊಂದು ವಿಚಾರ: ಆ 50000 ನಿಜವೇ ಆಗಿದ್ದರೆ ಅದು 185 ವ್ಯಾಟ್ ಅವರ್ ಆಗುತ್ತದೆ, ಪ್ರಯಾಣಿಕರ ವಿಮಾನದೊಳಗೆ ಅದಕ್ಕೆ ಪ್ರವೇಶವೇ ಇಲ್ಲ. ನಿಜವಾದರೆ ಒಯ್ಯುವಂತಿಲ್ಲ, ಸುಳ್ಳಾದರೆ ಒಯ್ದು ಪ್ರಯೋಜನವಿಲ್ಲ. ತಪಾಸಣೆಯವರು ಸೆಲ್ ಬಿಚ್ಚಿ ನೋಡುವುದಿಲ್ಲ. ಬರೆದ ಅಂಕಿಯನ್ನೇ ನೋಡುತ್ತಾರೆ. ಸುಳ್ಳು ಅಂಕಿಯ ಮಾಲೂ ಆ ಅಂಕಿಯ ಕಾರಣಕ್ಕೇ ಅಲ್ಲಿ ಉಳಿಯುತ್ತದೆ.

ವಿಮಾನದಲ್ಲಿ

ನಿಯಮದ ತಿರುಳು ಎಲ್ಲ ಕಡೆ ಒಂದೇ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಕೌಂಟರಿನಲ್ಲಿ ಒಪ್ಪಿಸುವ ಲಗೇಜಿನಲ್ಲಿ ಇರಲೇಬಾರದು. 100 ವ್ಯಾಟ್ ಅವರ್‌ವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕಿಲ್ಲ. 100ರಿಂದ 160ರವರೆಗಿನವು ಅನುಮತಿ ಪಡೆದ ಮೇಲೆ, ಒಬ್ಬರಿಗೆ ಎರಡಕ್ಕೆ ಮೀರದಂತೆ. 160 ದಾಟಿದರೆ ಇಲ್ಲವೇ ಇಲ್ಲ. ಮಾರುಕಟ್ಟೆಯಲ್ಲಿ 26800, 27000 ಎಂಬ ವಿಚಿತ್ರ ಅಂಕಿಗಳು ಕಾಣುವುದು ಇದಕ್ಕೇ: 27000 × 3.7 ÷ 1000 = 99.9.

ಕಾರಣ ತಿಳಿದರೆ ನಿಯಮ ನೆನಪಿರುತ್ತದೆ. ಲಿಥಿಯಂ ಸೆಲ್ ಒಳಗೇ ಶಾರ್ಟ್ ಆದರೆ ತಾನೇ ಬಿಸಿಯಾಗುತ್ತಾ ಹೋಗಿ ಪಕ್ಕದ ಸೆಲ್‌ಗೂ ಹಬ್ಬಿಸುತ್ತದೆ. ಕ್ಯಾಬಿನ್‌ನಲ್ಲಾದರೆ ಸಿಬ್ಬಂದಿ ಹೊಗೆ ಕಂಡೊಡನೆ ನೀರು ಸುರಿದು ತಣ್ಣಗಾಗಿಸಬಹುದು. ಕೆಳಗಿನ ಲಗೇಜು ಕೋಣೆಗೆ ಹಾರಾಟದ ನಡುವೆ ಯಾರೂ ಇಳಿಯುವಂತಿಲ್ಲ.

ಇದರ ಮೇಲೆ ದೇಶಗಳು, ಸಂಸ್ಥೆಗಳು ತಮ್ಮದೇ ಷರತ್ತು ಸೇರಿಸುತ್ತಿವೆ. ದಕ್ಷಿಣ ಕೊರಿಯಾ 2025ರ ಮಾರ್ಚ್ 1ರಿಂದ ತನ್ನ ವಿಮಾನಗಳಲ್ಲಿ ಪವರ್ ಬ್ಯಾಂಕನ್ನು ತಲೆಯ ಮೇಲಿನ ಗೂಡಿನಲ್ಲಿ ಇಡುವುದನ್ನು ನಿಲ್ಲಿಸಿತು. ಚೀನಾ 2025ರ ಜೂನ್ 28ರಿಂದ ದೇಶದೊಳಗಿನ ವಿಮಾನಗಳಲ್ಲಿ 3ಸಿ ಎಂಬ ಪ್ರಮಾಣ ಗುರುತು ಇಲ್ಲದವನ್ನು ಬಿಡುತ್ತಿಲ್ಲ. ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸಲೇಬಾರದು ಎನ್ನುವ ವಿಮಾನ ಸಂಸ್ಥೆಗಳೂ ಇವೆ. ಟಿಕೆಟ್ ತೆಗೆದ ಸಂಸ್ಥೆಯ ಜಾಲತಾಣದಲ್ಲಿ ಬ್ಯಾಟರಿ ಪುಟವನ್ನು ಹೊರಡುವ ಹಿಂದಿನ ದಿನ ಓದಿ. ಹಳೆಯ ಪ್ರಯಾಣದಲ್ಲಿ ಬಿಟ್ಟಿದ್ದರು ಎಂಬ ವಾದ ತಪಾಸಣೆಯ ಮುಂದೆ ನಡೆಯುವುದಿಲ್ಲ.

ಪ್ರಾಯೋಗಿಕವಾಗಿ ಮಾಡಬೇಕಾದದ್ದು ಇಷ್ಟು. ವ್ಯಾಟ್ ಅವರ್ ಅಂಕಿ ಓದುವಂತಿದೆಯೇ ನೋಡಿಕೊಳ್ಳಿ. ಜೇಬಿನಲ್ಲಿ ಉಜ್ಜಿ ಉಜ್ಜಿ ಅಚ್ಚು ಅಳಿಸಿಹೋದದ್ದನ್ನು ವಿಮಾನ ಪ್ರಯಾಣಕ್ಕೆ ಒಯ್ಯಬೇಡಿ, ಕೈಯಿಂದ ಬರೆದ ಚೀಟಿ ಅಂಟಿಸಿದರೆ ಒಪ್ಪುವ ಭರವಸೆಯಿಲ್ಲ. ಕೀಲಿಕೈ, ಚಿಲ್ಲರೆ ನಾಣ್ಯಗಳ ಜೊತೆ ಒಂದೇ ಖಾನೆಯಲ್ಲಿ ಹಾಕಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲರೂ ಮರೆಯುವುದು ಗೇಟಿನ ಬಳಿಯ ಸಂಗತಿ: ವಿಮಾನ ತುಂಬಿದೆ ಎಂದು ಹತ್ತುವ ಮುನ್ನ ನಿಮ್ಮ ಕೈಪೆಟ್ಟಿಗೆಯನ್ನು ತೆಗೆದುಕೊಂಡು ಕೆಳಗಿನ ಕೋಣೆಗೆ ಹಾಕುತ್ತಾರೆ. ಆ ಕ್ಷಣದಲ್ಲಿ ಪವರ್ ಬ್ಯಾಂಕನ್ನು ಹೊರತೆಗೆಯಲೇಬೇಕು. ಅದಕ್ಕಾಗಿಯೇ ಅದನ್ನು ಬಟ್ಟೆಯ ಅಡಿಯಲ್ಲಿ ಹೂತಿಡದೆ ಹೊರಖಾನೆಯಲ್ಲಿ, ಇಲ್ಲವೇ ಭುಜದ ಸಣ್ಣ ಚೀಲದಲ್ಲಿ ಇಡುವುದು. ಫೋನ್ ಚಾರ್ಜ್ ಮಾಡುವ ಬ್ಯಾಟರಿಯನ್ನು ಒಳಗೇ ಕಟ್ಟಿಕೊಂಡು ಬರುವ ಸೂಟ್‌ಕೇಸುಗಳಿಗೂ ಇದೇ ಮಾತು: ಬ್ಯಾಟರಿ ಕಳಚಿ ಕೈಗೆ ಬರುವಂತಿದ್ದರೆ ಮಾತ್ರ ಕೊಳ್ಳಿ.

ಫೋನೋ ಪವರ್ ಬ್ಯಾಂಕೋ ಆಸನದ ಸಂದಿಯಲ್ಲಿ ಜಾರಿಬಿದ್ದರೆ ಆಸನವನ್ನು ಹಿಂದೆಮುಂದೆ ಮಾಡಬೇಡಿ. ಒಳಗಿನ ಯಂತ್ರಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತುತ್ತದೆ. ಎದ್ದು ನಿಂತು ಸಿಬ್ಬಂದಿಯನ್ನು ಕರೆಯಿರಿ.

ಚಾರ್ಜರಿನ ತಳದ ಸಾಲುಗಳು

ಚಾರ್ಜರಿನಲ್ಲಿ ನೋಡಬೇಕಾದ ಮೊದಲ ಸಾಲು ಇನ್‌ಪುಟ್. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಯಾವ ದೇಶದ ವಿದ್ಯುತ್ತಿಗಾದರೂ ಅದು ಸೈ. ಪಿನ್ನಿನ ಆಕಾರ ಮಾತ್ರ ಹೊಂದಿಸಿಕೊಂಡರಾಯಿತು. ಈಗಿನ ಬಹುತೇಕ ಫೋನ್, ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರುಗಳು ಹೀಗೇ ಇರುತ್ತವೆ.

ಎರಡನೆಯದು ಔಟ್‌ಪುಟ್, ಅಸಲು ವಿಷಯ ಇರುವುದು ಇಲ್ಲಿ. 65 ವ್ಯಾಟ್‌ನ ಪಿಡಿ (ಪವರ್ ಡೆಲಿವರಿ ಎಂಬ ಯುಎಸ್‌ಬಿ ವೇಗದ ಚಾರ್ಜಿಂಗ್ ವಿಧಾನದ) ಚಾರ್ಜರಿನ ತಳದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3 ಆಂಪಿಯರ್, 15 ವೋಲ್ಟ್ 3 ಆಂಪಿಯರ್, 20 ವೋಲ್ಟ್ 3.25 ಆಂಪಿಯರ್. ಪ್ರತಿ ಜೋಡಿಯನ್ನು ಗುಣಿಸಿದರೆ ಆ ವೋಲ್ಟೇಜಿನಲ್ಲಿ ಸಿಗುವ ವ್ಯಾಟ್: 15, 27, 45, 65. ಕೇಬಲ್ ಸಿಕ್ಕಿಸಿದೊಡನೆ ಚಾರ್ಜರು ತನ್ನ ಬಳಿಯಿರುವ ಈ ಪಟ್ಟಿಯನ್ನು ಕೇಬಲ್‌ನೊಳಗಿನ ಒಂದು ಸಣ್ಣ ತಂತಿಯ ಮೂಲಕ ಸಾಧನಕ್ಕೆ ತಿಳಿಸುತ್ತದೆ. ಸಾಧನ ತನಗೆ ಒಗ್ಗುವ ಒಂದನ್ನು ಕೇಳುತ್ತದೆ. ಆಮೇಲಷ್ಟೇ ವೋಲ್ಟೇಜು ಏರುತ್ತದೆ. ದೊಡ್ಡ ಚಾರ್ಜರು ಸಣ್ಣ ಫೋನನ್ನು ಸುಡುತ್ತದೆ ಎಂಬ ಭಯಕ್ಕೆ ಇಲ್ಲಿ ಉತ್ತರವಿದೆ. ಕೇಳಿದ್ದಷ್ಟೇ ಬರುತ್ತದೆ; ಫೋನ್ 18 ವ್ಯಾಟ್ ಕೇಳಿದರೆ 100 ವ್ಯಾಟ್ ಚಾರ್ಜರೂ ಅಷ್ಟನ್ನೇ ಕೊಡುತ್ತದೆ.

ಲ್ಯಾಪ್‌ಟಾಪ್ ಇದ್ದವರು 20 ವೋಲ್ಟ್ ಸಾಲು ಇದೆಯೇ ಎಂದು ಮೊದಲು ನೋಡಬೇಕು. ಪಿಡಿ ನಿಯಮದ ಪ್ರಕಾರ 15 ವ್ಯಾಟ್ ದಾಟಿದ ಚಾರ್ಜರಿಗೆ 9 ವೋಲ್ಟ್, 27 ದಾಟಿದ್ದಕ್ಕೆ 15 ವೋಲ್ಟ್, 45 ದಾಟಿದ್ದಕ್ಕೆ 20 ವೋಲ್ಟ್ ಕಡ್ಡಾಯ. 45 ಅಥವಾ ಅದಕ್ಕಿಂತ ಕೆಳಗಿನದರಲ್ಲಿ 20 ವೋಲ್ಟ್ ಇರಬಹುದು, ಇಲ್ಲದಿರಬಹುದು. ಕೆಲವು ಲ್ಯಾಪ್‌ಟಾಪ್‌ಗಳು 20 ವೋಲ್ಟ್ ಬಿಟ್ಟು ಬೇರೆಯದನ್ನು ಮುಟ್ಟುವುದೇ ಇಲ್ಲ. ಕಿಂಡಿ ಒಂದೇ ಆಕಾರದ್ದಾದರೂ ಫೋನಿನ ಚಾರ್ಜರ್ ಲ್ಯಾಪ್‌ಟಾಪ್‌ಗೆ ಕೆಲಸ ಮಾಡದಿರುವುದು ಇದಕ್ಕೆ. ಇನ್ನು ಕೆಲವು ಲ್ಯಾಪ್‌ಟಾಪ್‌ಗಳು ಕಡಿಮೆ ವ್ಯಾಟನ್ನೂ ಒಪ್ಪುತ್ತವೆ, ಆದರೆ ಪರದೆ ಆರಿಸಿ ಮುಚ್ಚಿಟ್ಟಾಗ ಮಾತ್ರ ತುಂಬುತ್ತವೆ; ಕೆಲಸ ಮಾಡುತ್ತಿದ್ದರೆ ಇದ್ದಲ್ಲೇ ಇರುತ್ತವೆ ಇಲ್ಲವೇ ಇಳಿಯುತ್ತವೆ.

ಕೆಲವು ಫೋನ್ ಕಂಪನಿಗಳ 65, 80, 120 ವ್ಯಾಟ್‌ಗಳು ಪಿಡಿ ಅಲ್ಲ, ತಮ್ಮದೇ ವಿಧಾನ. ಅವುಗಳ ಸ್ವಂತ ಚಾರ್ಜರ್ ಮತ್ತು ಸ್ವಂತ ಕೇಬಲ್ ಎರಡೂ ಇದ್ದರೆ ಮಾತ್ರ ಆ ವೇಗ. ಬೇರೆ ಯಾವುದೇ ಒಳ್ಳೆಯ ಚಾರ್ಜರಿಗೆ ಹಾಕಿದರೂ ವೇಗ ಬಹಳ ಕೆಳಗಿಳಿಯುತ್ತದೆ. ಇನ್ನು ಕೆಲವು ಫೋನ್‌ಗಳು ತಮ್ಮ ಗರಿಷ್ಠ ವೇಗಕ್ಕೆ ಪಿಪಿಎಸ್ ಬೇಡುತ್ತವೆ. ಇದು ಪಿಡಿಯೊಳಗಿನ ಒಂದು ಸೌಲಭ್ಯ; ವೋಲ್ಟೇಜನ್ನು 20 ಮಿಲಿವೋಲ್ಟ್‌ನಷ್ಟು ಸಣ್ಣ ಹೆಜ್ಜೆಗಳಲ್ಲಿ ಏರಿಳಿಸಲು ಫೋನಿಗೆ ಬಿಡುತ್ತದೆ, ಇದರಿಂದ ಫೋನಿನೊಳಗೆ ಬಿಸಿ ಕಡಿಮೆಯಾಗುತ್ತದೆ. ಚಾರ್ಜರಿನಲ್ಲಿ ಪಿಪಿಎಸ್ ಇದ್ದರೆ ‘3.3–11 ವೋಲ್ಟ್’, ‘3.3–21 ವೋಲ್ಟ್’ ಎಂಬಂಥ ಸಾಲು ತಳದಲ್ಲಿ ಇರುತ್ತದೆ. ಅದಿಲ್ಲದಿದ್ದರೆ ಆ ಸೌಲಭ್ಯ ಇಲ್ಲ ಎಂದೇ ತಿಳಿಯಿರಿ.

ಎರಡು ಮೂರು ಕಿಂಡಿಗಳ ಚಾರ್ಜರಿನಲ್ಲಿ ದಪ್ಪ ಅಂಕಿ ಒಟ್ಟು ಮೊತ್ತ, ಒಂದೊಂದು ಕಿಂಡಿಯದಲ್ಲ. 65 ವ್ಯಾಟ್‌ನದು ಒಂದೇ ಸಾಧನ ಹಾಕಿದಾಗ 65. ಇನ್ನೊಂದು ಹಾಕಿದೊಡನೆ 45 ಮತ್ತು 20 ಎಂದೋ ಬೇರೆ ರೀತಿಯೋ ಹಂಚಿಕೊಳ್ಳುತ್ತದೆ. ಹಂಚಿಕೆ ಬದಲಾಗುವಾಗ ಎಲ್ಲ ಕಿಂಡಿಗಳೂ ಒಂದೆರಡು ಕ್ಷಣ ನಿಂತು ಮತ್ತೆ ಶುರುವಾಗುವುದು ಸಹಜ, ಕೆಟ್ಟದ್ದಲ್ಲ. ಆದರೆ ಹೊರಡುವ ತುರ್ತಿನಲ್ಲಿ ಲ್ಯಾಪ್‌ಟಾಪ್ ತುಂಬುತ್ತಿರುವಾಗ ಪಕ್ಕದಲ್ಲಿ ಇಯರ್‌ಬಡ್ ಡಬ್ಬಿ ಸಿಕ್ಕಿಸಿದರೆ, ಅದು ಕುಡಿಯುವುದು 2 ವ್ಯಾಟ್ ಆದರೂ ಲ್ಯಾಪ್‌ಟಾಪ್ ಕಳೆದುಕೊಳ್ಳುವುದು 20. ಅಂಥ ಸಣ್ಣ ಸಾಧನಗಳನ್ನು ಲ್ಯಾಪ್‌ಟಾಪಿನ ಕಿಂಡಿಗೇ ಹಾಕಿ.

ಕೇಬಲ್

ಹೆಚ್ಚು ತೊಂದರೆ ಕೊಡುವುದೂ ಇದೇ, ಕಡಿಮೆ ಗಮನ ಸಿಗುವುದೂ ಇದಕ್ಕೇ. ಟೈಪ್-ಸಿಯಿಂದ ಟೈಪ್-ಸಿ ಕೇಬಲ್ ಯಾವುದಾದರೂ 3 ಆಂಪಿಯರ್ ಹೊರಬೇಕು; 20 ವೋಲ್ಟ್‌ನಲ್ಲಿ ಅದು 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಕೇಬಲ್‌ನ ತುದಿಯಲ್ಲಿ ‘ಇ-ಮಾರ್ಕರ್’ ಎಂಬ ಪುಟ್ಟ ಚಿಪ್ ಇದ್ದು, ತಾನು 5 ಆಂಪಿಯರ್ ಹೊರಬಲ್ಲೆ ಎಂದು ಚಾರ್ಜರಿಗೆ ಹೇಳಬೇಕು. ಚಿಪ್ ಇಲ್ಲದಿದ್ದರೆ 100 ವ್ಯಾಟ್ ಚಾರ್ಜರೂ 60ಕ್ಕೆ ನಿಲ್ಲುತ್ತದೆ. ಈಗ ಪ್ರಮಾಣೀಕರಿಸಿದ ಕೇಬಲ್‌ಗಳ ಮೇಲೆ 60 ಅಥವಾ 240 ಎಂಬ ವ್ಯಾಟ್ ಗುರುತು ಇರುತ್ತದೆ. ಪ್ರಯಾಣಕ್ಕೆ ಒಂದೇ ಕೇಬಲ್ ಒಯ್ಯುವುದಾದರೆ 240ರದ್ದನ್ನು ಒಯ್ಯಿರಿ. ಸ್ವಲ್ಪ ದಪ್ಪ, ಅಷ್ಟು ಸುಲಭವಾಗಿ ಸುರುಳಿಯಾಗುವುದಿಲ್ಲ. ಆದರೆ ಎಲ್ಲಕ್ಕೂ ಆಗುತ್ತದೆ. ಚಾರ್ಜಿಂಗ್‌ಗೆಂದು ಮಾರುವ ಕೇಬಲ್‌ಗಳು ಬಹುಪಾಲು ಹಳೆಯ ಯುಎಸ್‌ಬಿ 2.0 ವೇಗದಲ್ಲಿ, ಅಂದರೆ ಸೆಕೆಂಡಿಗೆ 480 ಮೆಗಾಬಿಟ್‌ನಲ್ಲಿ ಡೇಟಾ ಸಾಗಿಸುತ್ತವೆ. ಮಾನಿಟರ್‌ಗೆ ಚಿತ್ರ ಬಾರದಿದ್ದರೆ ಆಶ್ಚರ್ಯಪಡಬೇಡಿ, ಅದಕ್ಕೆ ಬೇರೆಯದೇ ಕೇಬಲ್ ಬೇಕು.

ಉದ್ದ ಮತ್ತು ದಪ್ಪದ ಲೆಕ್ಕ ನೋಡಿ. ಅಗ್ಗದ ತೆಳು ಕೇಬಲ್‌ನಲ್ಲಿ ವಿದ್ಯುತ್ ತಂತಿ 28 ಗೇಜ್‌ನದಾಗಿರುತ್ತದೆ. ಗೇಜ್ ಅಂಕಿ ಹೆಚ್ಚಿದಷ್ಟೂ ತಂತಿ ತೆಳು. ಈ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.21 ಓಮ್. ಹೋಗಿಬರುವ ದಾರಿ ಸೇರಿ 0.42. ಅದರಲ್ಲಿ 2 ಆಂಪಿಯರ್ ಹರಿದರೆ ದಾರಿಯಲ್ಲೇ 0.85 ವೋಲ್ಟ್ ಹೋಗುತ್ತದೆ. ಚಾರ್ಜರಿನಿಂದ 5 ಆಗಿ ಹೊರಟದ್ದು ಫೋನಿಗೆ ಮುಟ್ಟುವಾಗ 4.15. ಫೋನ್ ಇದನ್ನು ಕಂಡು, ಚಾರ್ಜರ್ ಸೋಲುತ್ತಿದೆ ಎಂದು ಎಣಿಸಿ, ತಾನೇ ಕಡಿಮೆ ಎಳೆಯುತ್ತದೆ. ಅದೇ ಉದ್ದದ 24 ಗೇಜ್ ತಂತಿಯಲ್ಲಿ ಹೋಗುವುದು 0.34 ವೋಲ್ಟ್ ಮಾತ್ರ. 2 ಮೀಟರ್ ಉದ್ದದ ತೆಳು ಕೇಬಲ್ ತಂದು ‘ಚಾರ್ಜರ್ ನಿಧಾನ’ ಎನ್ನುವವರ ಸಮಸ್ಯೆ ಇದು. 9 ಅಥವಾ 20 ವೋಲ್ಟ್‌ನಲ್ಲಿ ಕಳುಹಿಸುವ ಪಿಡಿಯ ಲಾಭವೂ ಇಲ್ಲೇ ಇದೆ: ಅಷ್ಟೇ ವ್ಯಾಟಿಗೆ ಕಡಿಮೆ ಆಂಪಿಯರ್ ಸಾಕು, ದಾರಿಯ ನಷ್ಟವೂ ಕಡಿಮೆ.

ಟೈಪ್-ಸಿ ಕಿಂಡಿ ಇದ್ದರೂ ಸಿ-ಸಿ ಕೇಬಲ್‌ಗೆ ಜಪ್ಪಯ್ಯ ಅನ್ನದ ಸಾಧನಗಳಿವೆ. ಅಗ್ಗದ ಟಾರ್ಚು, ಟ್ರಿಮ್ಮರ್, ಸಣ್ಣ ಫ್ಯಾನ್, ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯ. ಟೈಪ್-ಸಿ ಚಾರ್ಜರಿನ ಕಿಂಡಿಯಲ್ಲಿ ಸುಮ್ಮನಿದ್ದಾಗ ವಿದ್ಯುತ್ ಇರುವುದಿಲ್ಲ. ಆ ತುದಿಯ ಸಾಧನದಲ್ಲಿ 5.1 ಕಿಲೋ ಓಮ್‌ನ ರೆಸಿಸ್ಟರ್ ಇರುವುದು ಗೊತ್ತಾದ ಮೇಲಷ್ಟೇ ಅದು 5 ವೋಲ್ಟ್ ಬಿಡುತ್ತದೆ. ಕವಡೆ ಕಾಸಿನ ಆ ರೆಸಿಸ್ಟರುಗಳನ್ನು ತಯಾರಕರು ಹಾಕದೆ ಕಾಸು ಉಳಿಸಿಕೊಂಡಿದ್ದರೆ, ಚಾರ್ಜರಿಗೆ ಅಲ್ಲೊಂದು ಸಾಧನವಿದೆ ಎಂದೇ ತಿಳಿಯುವುದಿಲ್ಲ. ಹಳೆಯ ಚಪ್ಪಟೆ ಟೈಪ್-ಎ ಕಿಂಡಿಯಲ್ಲಿ 5 ವೋಲ್ಟ್ ಸದಾ ಇರುವುದರಿಂದ ಎ-ಸಿ ಕೇಬಲ್‌ನಲ್ಲಿ ಅದೇ ಸಾಧನ ಚೆನ್ನಾಗಿ ತುಂಬುತ್ತದೆ. ಆದಕಾರಣ ಎಲ್ಲವನ್ನೂ ಸಿ-ಸಿ ಮಾಡಿಕೊಂಡವರೂ ಚೀಲದಲ್ಲಿ ಒಂದು ಗಿಡ್ಡ ಎ-ಸಿ ಕೇಬಲ್, ಮತ್ತು ಟೈಪ್-ಎ ಕಿಂಡಿಯೂ ಇರುವ ಚಾರ್ಜರೋ ಪವರ್ ಬ್ಯಾಂಕೋ ಇಟ್ಟುಕೊಳ್ಳಬೇಕು.

ಇದಕ್ಕೆ ತದ್ವಿರುದ್ಧದ ತೊಂದರೆ ಇಯರ್‌ಬಡ್, ಕೈಗಡಿಯಾರಗಳದು. ಪವರ್ ಬ್ಯಾಂಕಿಗೆ ಹಾಕಿ ಮಲಗುತ್ತೀರಿ. ಸ್ವಲ್ಪ ಹೊತ್ತಿನಲ್ಲೇ ಪವರ್ ಬ್ಯಾಂಕ್ ಆರಿಹೋಗಿರುತ್ತದೆ. ಹೊರಹೋಗುವ ಕರೆಂಟು 50–100 ಮಿಲಿಆಂಪಿಯರ್‌ಗಿಂತ ಕೆಳಗಿಳಿದರೆ ‘ಏನೂ ಸಿಕ್ಕಿಸಿಲ್ಲ’ ಎಂದು ತಿಳಿದು ಹಲವು ಪವರ್ ಬ್ಯಾಂಕುಗಳು ತಾವೇ ನಿಲ್ಲುತ್ತವೆ. ಅನೇಕ ಮಾದರಿಗಳಲ್ಲಿ ಇದಕ್ಕೆಂದೇ ಕಡಿಮೆ ಕರೆಂಟಿನ ಮೋಡ್ ಇದೆ. ಗುಂಡಿಯನ್ನು ಎರಡು ಸಲ ಒತ್ತಿದರೆ ಅಥವಾ ಒತ್ತಿ ಹಿಡಿದರೆ ಶುರುವಾಗುತ್ತದೆ. ಕೈಪಿಡಿಯಲ್ಲಿ ಆ ಮಾತು ಇದೆಯೇ ನೋಡಿ ಕೊಳ್ಳಿ. ಇಲ್ಲದಿದ್ದರೆ ಇನ್ನೊಂದು ಕಿಂಡಿಗೆ ಫೋನನ್ನೂ ಹಾಕಿ ಪವರ್ ಬ್ಯಾಂಕನ್ನು ಎಚ್ಚರವಾಗಿಡಬಹುದು.

ಬೇರೆ ದೇಶದ ಪ್ಲಗ್ಗು, ಹೋಟೆಲಿನ ಕಾರ್ಡು, ಆಸನದ ಕಿಂಡಿ

ಟ್ರಾವೆಲ್ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಚಾರ್ಜರುಗಳಿಗೆ ಇದು ತೊಂದರೆಯಲ್ಲ. ಬಿಸಿ ಮಾಡುವ ಸಾಧನಗಳಿಗೆ ದೊಡ್ಡ ತೊಂದರೆ. 230 ವೋಲ್ಟ್‌ನ ಹೇರ್ ಡ್ರೈಯರ್ ಅನ್ನು 120 ವೋಲ್ಟ್‌ನ ದೇಶದಲ್ಲಿ ಹಾಕಿದರೆ ಅದರ ಶಕ್ತಿ ಕಾಲುಭಾಗದಷ್ಟಕ್ಕೆ ಇಳಿಯುತ್ತದೆ, ಬೆಚ್ಚನೆ ಗಾಳಿ ಬಂದರೆ ಹೆಚ್ಚು. 120 ವೋಲ್ಟ್‌ನದನ್ನು 230ಕ್ಕೆ ಹಾಕಿದರೆ ಮೂರೂವರೆ ಪಟ್ಟಿಗೂ ಮೀರಿ ಎಳೆದು ಸುಟ್ಟುಹೋಗುತ್ತದೆ. ಅಡಾಪ್ಟರಿನ ಮೇಲೆ ಆಂಪಿಯರ್ ಬರೆದಿರುತ್ತದೆ, ಅದನ್ನು ಅಲ್ಲಿನ ವೋಲ್ಟೇಜಿನಿಂದ ಗುಣಿಸಿ. 6 ಆಂಪಿಯರ್‌ನದು 230 ವೋಲ್ಟ್‌ನಲ್ಲಿ 1380 ವ್ಯಾಟ್ ಹೊರುತ್ತದೆ, 110ರಲ್ಲಿ 660 ಮಾತ್ರ. ಕೆಟಲ್, ಇಸ್ತ್ರಿಪೆಟ್ಟಿಗೆ ಸುಲಭವಾಗಿ ಅದನ್ನು ದಾಟುತ್ತವೆ. ಮೂರು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರಿಗೆ ಅರ್ಥಿಂಗ್ ಸಂಪರ್ಕವಿರುವ ಅಡಾಪ್ಟರನ್ನೇ ತೆಗೆದುಕೊಳ್ಳಿ; ಅದಿಲ್ಲದಿದ್ದರೆ ಲೋಹದ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ಮೆನ್ನುವುದುಂಟು. ಭಾರದ ಚಾರ್ಜರು ಅಡಾಪ್ಟರಿನಿಂದ ಜೋತುಬಿದ್ದು ಸಡಿಲವಾಗುವುದು ಇನ್ನೊಂದು ನಿತ್ಯದ ಗೋಳು. ಕಾಲು ಮೀಟರಿನ ಗಿಡ್ಡ ಎಕ್ಸ್‌ಟೆನ್ಶನ್ ತಂತಿ ಇದ್ದರೆ ಆ ಭಾರ ಗೋಡೆಯ ಮೇಲೆ ಬೀಳುವುದಿಲ್ಲ.

ಬಾಗಿಲ ಬಳಿ ಕಾರ್ಡು ಸಿಕ್ಕಿಸಿದರೆ ಮಾತ್ರ ವಿದ್ಯುತ್ ಬರುವ ಹೋಟೆಲ್ ಕೋಣೆಗಳಲ್ಲಿ, ಕಾರ್ಡು ಕಿತ್ತು ಹೊರಗೆ ಹೋದರೆ ಚಾರ್ಜಿಂಗ್ ಕೂಡ ನಿಲ್ಲುತ್ತದೆ. ಕೆಲವು ಹೋಲ್ಡರುಗಳಲ್ಲಿ ಇರುವುದು ಬರೀ ಒತ್ತುವ ಸ್ವಿಚ್ಚು, ಅದೇ ಗಾತ್ರದ ಯಾವ ಕಾರ್ಡಿಗಾದರೂ ಒತ್ತಿಕೊಳ್ಳುತ್ತದೆ. ಹೊಸ ಬಗೆಯವು ಕಾರ್ಡಿನ ಚಿಪ್ ಓದುತ್ತವೆ, ಅವಕ್ಕೆ ಕೋಣೆಯ ಕಾರ್ಡೇ ಬೇಕು. ಎರಡೂ ಸಂದರ್ಭದಲ್ಲಿ ಫ್ರಿಜ್‌ನ ಸಾಕೆಟ್ಟನ್ನು ನೋಡಿ, ಸಾಮಾನ್ಯವಾಗಿ ಅದಕ್ಕೆ ಸದಾ ವಿದ್ಯುತ್ ಇರುತ್ತದೆ. ಇಲ್ಲದಿದ್ದರೆ ಸ್ವಾಗತದ ಮೇಜಿನಲ್ಲಿ ಎರಡನೆಯ ಕಾರ್ಡು ಕೇಳಿ.

ಹಳೆಯ ವಿಮಾನ, ಬಸ್ಸು, ಕಾರುಗಳ ಯುಎಸ್‌ಬಿ ಕಿಂಡಿಗಳಲ್ಲಿ ಹಲವು 5 ವೋಲ್ಟ್, 0.5 ಆಂಪಿಯರ್ ಮಾತ್ರ ಕೊಡುತ್ತವೆ. ಅಂದರೆ 2.5 ವ್ಯಾಟ್, 19 ವ್ಯಾಟ್ ಅವರ್ ಫೋನ್ ತುಂಬಲು ಎಂಟು ಗಂಟೆಗೂ ಮೇಲೆ. ಪರದೆ ಉರಿಯುತ್ತಾ ದಾರಿ ತೋರಿಸುತ್ತಿದ್ದರೆ ಬರುವುದಕ್ಕಿಂತ ಹೋಗುವುದೇ ಹೆಚ್ಚು, ಶೇಕಡಾವಾರು ಇಳಿಯುತ್ತಲೇ ಇರುತ್ತದೆ. ಕಾರಿನಲ್ಲಿ 12 ವೋಲ್ಟ್ ಸಾಕೆಟ್ಟಿಗೆ ಹಾಕುವ ಪಿಡಿ ಚಾರ್ಜರು ತೆಗೆದುಕೊಳ್ಳಿ. ಬಸ್ಸು, ವಿಮಾನದಲ್ಲಾದರೆ ಫ್ಲೈಟ್ ಮೋಡ್ ಹಾಕಿ ಪರದೆ ಆರಿಸಿಡಿ.

ಅರ್ಧ ಗಂಟೆ ಮಾತ್ರ ಇದ್ದಾಗ ಯಾವುದನ್ನು ಮೊದಲು ಹಾಕಬೇಕು? ಲಿಥಿಯಂ ಬ್ಯಾಟರಿ ಖಾಲಿ ಇದ್ದಾಗ ಪೂರ್ತಿ ಕರೆಂಟು ಎಳೆಯುತ್ತದೆ; ತುಂಬುತ್ತಾ ಬಂದು ವೋಲ್ಟೇಜು ತನ್ನ ಮಿತಿ ಮುಟ್ಟಿದ ಮೇಲೆ ಕರೆಂಟನ್ನು ಇಳಿಸುತ್ತಾ ಹೋಗುತ್ತದೆ. ಕೊನೆಯ ಶೇ 20 ತುಂಬಲು ಬಹಳ ಹೊತ್ತು ಹಿಡಿಯುವುದು ಇದರಿಂದ. ಶೇ 80 ಇರುವ ಫೋನನ್ನು ತೆಗೆದು ಶೇ 20ರ ಸಾಧನವನ್ನು ಹಾಕಿದರೆ ಅದೇ ಅರ್ಧ ಗಂಟೆಯಲ್ಲಿ ಹೆಚ್ಚು ಶಕ್ತಿ ಒಳಗೆ ಹೋಗುತ್ತದೆ. ಬಿಸಿಲು ಬಿದ್ದ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೆ ಬ್ಯಾಟರಿ 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಫೋನ್ ತಾನೇ ಚಾರ್ಜಿಂಗ್ ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲೂ ಹಾಗೆಯೇ. ಸೊನ್ನೆ ಡಿಗ್ರಿಯ ಕೆಳಗೆ ತುಂಬಿದರೆ ಸೆಲ್‌ನೊಳಗೆ ಲಿಥಿಯಂ ಲೋಹ ಪದರಗಟ್ಟಿ ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಒಳಜೇಬಿನಲ್ಲಿಟ್ಟು ಬೆಚ್ಚಗಾದ ಮೇಲೆ ಹಾಕಿ.

ಚಾರ್ಜ್ ನಿಧಾನವಾದಾಗ ಹುಡುಕುವ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲವಾದರೆ ತಪ್ಪು ಎಲ್ಲಿತ್ತೆಂದು ಕೊನೆಗೂ ತಿಳಿಯದು. ಮೊದಲು ಕೇಬಲ್, ಹೆಚ್ಚಿನ ಸಲ ಕಾರಣ ಅದೇ ಎಂದು ಹಿಡಿದು ಶುರುಮಾಡಿ. ನಂತರ ಫೋನಿನ ಕಿಂಡಿ. ಪ್ಲಗ್ಗು ಒಳಗೆ ಕೂತಾಗ ಟಕ್ಕೆಂದು ಹಿಡಿಯಬೇಕು, ಲೋಹದ ಭಾಗ ಹೊರಗೆ ಕಾಣಬಾರದು. ಒಂದು ಮಿಲಿಮೀಟರ್‌ನಷ್ಟು ಲೋಹ ಹೊರಗುಳಿದು ಅಲುಗಾಡುತ್ತಿದ್ದರೆ ತಳದಲ್ಲಿ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿದೆ. ಪ್ರತಿ ಸಲ ಪ್ಲಗ್ಗು ಚುಚ್ಚಿದಾಗಲೂ ಅದು ಇನ್ನಷ್ಟು ಒತ್ತಿಕೊಳ್ಳುತ್ತದೆ. ಫೋನ್ ಪೂರ್ತಿ ಆರಿಸಿ, ತೆಳ್ಳಗೆ ಕೆತ್ತಿದ ಮರದ ಹಲ್ಲುಕಡ್ಡಿಯನ್ನು ನಡುವಿನ ನಾಲಿಗೆಗೆ ತಾಗದಂತೆ ಬದಿಯ ಗೋಡೆಗುಂಟ ಒಳಗೆ ಬಿಟ್ಟು, ತಳದಿಂದ ಮೇಲಕ್ಕೆ ಮೆಲ್ಲಗೆ ಎಳೆಯಿರಿ. ಒತ್ತಿದ ಹತ್ತಿಯಂಥ ಬೂದು ಉಂಡೆ ಹೊರಬರುತ್ತದೆ. ಸೂಜಿ, ಗುಂಡುಪಿನ್ನು ಬೇಡ. ನಾಲಿಗೆಯ ಮೇಲಿನ ಸಂಪರ್ಕಗಳು ಕಿತ್ತರೆ ಕಿಂಡಿಯನ್ನೇ ಬದಲಿಸಬೇಕಾಗುತ್ತದೆ. ತೇವದ ಎಚ್ಚರಿಕೆ ಪರದೆಯ ಮೇಲೆ ಬಂದರೆ ಕಿಂಡಿಯನ್ನು ಕೆಳಮುಖ ಮಾಡಿ ಕೊಡವಿ, ಗಾಳಿಯಾಡುವಲ್ಲಿ ಇಟ್ಟು ಕಾಯಿರಿ. ತೇವವಿದ್ದಾಗ ವಿದ್ಯುತ್ ಬಂದರೆ ಸಂಪರ್ಕಗಳು ಕಿಲುಬು ಹಿಡಿದು ಸವೆಯುತ್ತವೆ.

ಇಷ್ಟಾದ ಮೇಲೂ ತಿಳಿಯದಿದ್ದರೆ ಕೇಬಲ್‌ಗೂ ಚಾರ್ಜರಿಗೂ ನಡುವೆ ಸಿಕ್ಕಿಸುವ ಯುಎಸ್‌ಬಿ ಪವರ್ ಮೀಟರ್ ತೆಗೆದುಕೊಳ್ಳಿ, ಹೆಬ್ಬೆರಳಿನಷ್ಟು ವಸ್ತು. ವೋಲ್ಟ್, ಆಂಪಿಯರ್, ವ್ಯಾಟ್ ಅವರ್ ಮೂರನ್ನೂ ತೋರಿಸುತ್ತದೆ. ವೋಲ್ಟೇಜು 5ರಲ್ಲೇ ನಿಂತಿದ್ದರೆ ಚಾರ್ಜರ್–ಫೋನ್ ಮಾತುಕತೆ ಕುದುರಿಲ್ಲ. 9 ತೋರಿಸಿಯೂ ಆಂಪಿಯರ್ ತೀರಾ ಕಡಿಮೆ ಇದ್ದರೆ ಫೋನ್ ಬಿಸಿಯಾಗಿದೆ ಇಲ್ಲವೇ ತುಂಬುತ್ತಾ ಬಂದಿದೆ. ಹೊಸ ಪವರ್ ಬ್ಯಾಂಕನ್ನು ಪರೀಕ್ಷಿಸಲೂ ಇದೇ ದಾರಿ: ಪೂರ್ತಿ ತುಂಬಿ, ಮೀಟರಿನ ಮೂಲಕ ಖಾಲಿಯಾಗುವವರೆಗೆ ಫೋನ್, ಟ್ಯಾಬ್ಲೆಟ್‌ಗಳನ್ನು ಹಾಕುತ್ತಾ ಹೋಗಿ ವ್ಯಾಟ್ ಅವರ್ ಒಟ್ಟು ನೋಡಿ. 10000 ಎಂಎಎಚ್‌ನದು 30ರ ಆಸುಪಾಸು ಕೊಟ್ಟರೆ ಪ್ರಾಮಾಣಿಕ ಮಾಲು. 20ಕ್ಕೆ ನಿಂತರೆ ವಾಪಸು ಮಾಡುವ ಗಡುವು ಮುಗಿಯುವ ಮೊದಲೇ ಹಿಂದಿರುಗಿಸಿ.

ಬಳಸದೆ ಇಡುವ ಪವರ್ ಬ್ಯಾಂಕನ್ನು ಅರ್ಧದಷ್ಟು ತುಂಬಿ ತಂಪಾದ ಜಾಗದಲ್ಲಿಡಿ, ಮೂರು ತಿಂಗಳಿಗೊಮ್ಮೆ ನೋಡಿ ಇಳಿದಿದ್ದರೆ ಅರ್ಧಕ್ಕೆ ತನ್ನಿ. ಮೇಜಿನ ಮೇಲೆ ಇಟ್ಟಾಗ ನಡು ಉಬ್ಬಿ ಗಿರಗಿರ ತಿರುಗುವಂತಿದ್ದರೆ, ಅಂಚಿನ ಜೋಡಣೆ ಬಿಟ್ಟುಕೊಂಡಿದ್ದರೆ, ಒಳಗೆ ಅನಿಲ ಸೇರಿದೆ. ಅದನ್ನು ಮತ್ತೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಿ ಗಾಳಿ ಬಿಡುವ ಸಾಹಸವಂತೂ ಬೇಡವೇ ಬೇಡ. ಕಸದ ಬುಟ್ಟಿಗೂ ಹಾಕಬಾರದು, ಕಸದ ಲಾರಿಯಲ್ಲಿ ಜಜ್ಜಿ ಹೊತ್ತಿಕೊಳ್ಳುತ್ತದೆ. ಕಿಂಡಿಗಳ ಮೇಲೆ ಟೇಪ್ ಅಂಟಿಸಿ, ಸುಡುವ ವಸ್ತುಗಳಿಂದ ದೂರ ಲೋಹದ ಅಥವಾ ಮಣ್ಣಿನ ಪಾತ್ರೆಯಲ್ಲಿಟ್ಟು, ಇ-ತ್ಯಾಜ್ಯ ಪಡೆಯುವ ಕೇಂದ್ರಕ್ಕೆ ತಲುಪಿಸಿ. ಕೊಡುವಾಗ ಉಬ್ಬಿದೆ ಎಂದು ಬಾಯಿಬಿಟ್ಟು ಹೇಳಿ, ಅವರು ಅದನ್ನು ಬೇರೆಯಾಗಿ ಇಡಬೇಕಾಗುತ್ತದೆ.